ಹಾಜರಿ ಇಲ್ಲದ ತರಗತಿ

ಕೈಬರಹ ನೋಡಿ ಮಗುವನ್ನು ಗುರುತಿಸುವುದು ನಮ್ಮಂಥ ಟೀಚರುಗಳಿಗೆ ದೊಡ್ಡ ವಿದ್ಯೆಯೇನಲ್ಲ. ಹೆಸರು ಬರೆಯದೆ ಕೊಟ್ಟ ಉತ್ತರ ಪತ್ರಿಕೆಯನ್ನೂ 'ಇದು ಕಿಟಕಿ ಪಕ್ಕದ ಹುಡುಗಿಯದು' ಎಂದು ಎತ್ತಿಟ್ಟುಬಿಡುತ್ತೇವೆ. ಆದರೆ ಅಪ್ಪಂದಿರ ಸಹಿಯನ್ನು ಯಾರು ನೋಡುತ್ತಾರೆ? ಪ್ರೋಗ್ರೆಸ್ ಕಾರ್ಡಿನ ಕೆಳಗೆ ಏನೋ ಒಂದು ಗೀಚಿದ್ದರೆ ಸಾಕು, ಮುಂದಿನ ಕಾರ್ಡಿಗೆ ಹೋಗುತ್ತೇವೆ. 2011ರ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಎಂಟನೇ ತರಗತಿಯ ಹುಡುಗಿಯೊಬ್ಬಳ ಕಾರ್ಡು ಕೈಯಲ್ಲಿ ಹಿಡಿದು ನಾನು ಹಾಗೆಯೇ ಕೂತುಬಿಟ್ಟೆ. ಮೊದಲ ಪರೀಕ್ಷೆಯ ಎದುರಿಗಿದ್ದ ಸಹಿ ಚೌಕದಿಂದ ಹೊರಗೆ ಹರಿದು ಹೋಗಿತ್ತು, ಮಸಿಯಲ್ಲಿ ಬಿದ್ದ ಇರುವೆ ತೆವಳಿದ ಹಾಗೆ. ಎರಡನೆಯದರ ಎದುರಿಗೆ ತಾಯಿಯ ಹೆಬ್ಬೆಟ್ಟು. ಮೂರನೆಯದರಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ಕೂತಿದ್ದವು. ನಾಲ್ಕನೆಯದರಲ್ಲಿ ಪೂರ್ತಿ ಹೆಸರು, ಗೆರೆಯ ಮೇಲೆ ನೆಟ್ಟಗೆ.

ಆ ಹುಡುಗಿಯ ಅಪ್ಪ ಊರಿಗೆಲ್ಲ ಗೊತ್ತಿದ್ದವರು. ಯಾಕೆ ಗೊತ್ತಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ. ಬೆಳಗಿನ ಬಸ್ಸಿಗೆ ಹೋಗುವವರು ಬಸ್ ಸ್ಟ್ಯಾಂಡಿನ ಹಿಂದಿನ ಕಟ್ಟೆಯ ಕಡೆ ನೋಡದೆ ದಾಟುತ್ತಿದ್ದರು. ಅವರ ಹೆಸರನ್ನಾಗಲಿ, ಕಸುಬನ್ನಾಗಲಿ, ನಮ್ಮ ಊರಿನ ಹೆಸರನ್ನಾಗಲಿ ನಾನಿಲ್ಲಿ ಹೇಳುವುದಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ. ಪೋಷಕರ ಸಭೆಗೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಎಲ್ಲರೂ ಅವರ ಅಂಗಿ ನೋಡಿದರು, ನಾನು ಕೈ ನೋಡಿದೆ. ನಡುಗುತ್ತಿರಲಿಲ್ಲ.

ನಡುಗುವ ಕೈ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯನ್ನು ನಾನು ಅರ್ಧ ಲೋಟಕ್ಕಿಂತ ಹೆಚ್ಚು ಬಗ್ಗಿಸುತ್ತಿರಲಿಲ್ಲ. ಪೂರ್ತಿ ಬಗ್ಗಿಸಿದರೆ ಇವರ ಕೈಯಿಂದ ತುಳುಕಿ ಪಂಚೆಗೆ ಬೀಳುತ್ತಿತ್ತು, ಮಗಳು ನೋಡುತ್ತಿದ್ದಳು. ಹಾಗಾಗಿ ಎರಡು ಸಲ ಅರ್ಧರ್ಧ ಲೋಟ. ಬಂದ ನೆಂಟರು "ನಿಮ್ಮವರಿಗೆ ಕಾಫಿ ಬಿಸಿಬಿಸಿಯಾಗಿಯೇ ಬೇಕು ಅಂತ ಕಾಣತ್ತೆ, ಎಷ್ಟು ನಿಗಾ!" ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಆ ಮನುಷ್ಯರನ್ನು ನಿಲ್ಲಿಸಿ, ನಮ್ಮ ಸಂಬಂಧಿಕರೊಬ್ಬರಿಗೆ ಇಂಥ ತೊಂದರೆ ಇದೆ, ನಿಮಗೆ ಹೇಗೆ ಗುಣವಾಯಿತು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ರೂ ಸಂಬಂಧಿಕರಿಗೇ ಅಂತ್ಲೇ ಕೇಳೋದು ಮೇಡಂ" ಎಂದರು. ವ್ಯಂಗ್ಯವಿರಲಿಲ್ಲ. ಮಗಳ ನೋಟ್ ಪುಸ್ತಕದ ಹಾಳೆಯೊಂದರಲ್ಲಿ ಒಂದು ಫೋನ್ ನಂಬರು, ಭಾನುವಾರ ಸಂಜೆ ಐದೂವರೆ, ಇಂಥ ಶಾಲೆ ಎಂದು ಬರೆದುಕೊಟ್ಟರು. ತಿಂಗಳ ಕೊನೆಯ ಭಾನುವಾರ ಓಪನ್ ಮೀಟಿಂಗ್, ಮನೆಯವರೂ ಬರಬಹುದು, ಉಳಿದ ವಾರ ಕುಡಿತದವರಿಗೆ ಮಾತ್ರ ಎಂದರು.

ಆ ಶಾಲೆಯ ಮುಂದೆಯೇ ನಾನು ದಿನಾ ನಡೆದು ಹೋಗುತ್ತಿದ್ದೆ. ಆ ಗುಂಪು ಅಲ್ಲಿ ಹನ್ನೆರಡು ವರ್ಷದಿಂದ ಸೇರುತ್ತಿತ್ತಂತೆ. ಆ ಹನ್ನೆರಡು ವರ್ಷ ನಾನು ಎಲ್ಲೆಲ್ಲಿ ಅಲೆದಿದ್ದೆ! ಕುಡುಕರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಪುಡಿ ತರಿಸಿದ್ದೆ. ಎರಡು ದಿನ ಸಾರು ಕಹಿಯಾದದ್ದೊಂದೇ ಫಲ. ಹರಕೆ ಹೊತ್ತಿದ್ದೆ. ಮಗಳ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ್ದೆ. ಇದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ, ಅವರು ಆಣೆ ಮುರಿದದ್ದಕ್ಕಲ್ಲ, ನಾನು ಆ ಮಗುವಿನ ತಲೆಯನ್ನು ಅದಕ್ಕೆ ಒಡ್ಡಿದ್ದಕ್ಕೆ. ಇವರ ಆಫೀಸಿಗೆ ರಜೆ ಅರ್ಜಿ ಬರೆಯುತ್ತಿದ್ದವಳೂ ನಾನೇ, ನನ್ನದು ದುಂಡನೆಯ ಅಕ್ಷರವಲ್ಲವೇ! 'ಗ್ಯಾಸ್ಟ್ರಿಕ್ ತೊಂದರೆಯಿಂದ' ಎಂಬ ಪದ ಎಷ್ಟು ಸಲ ಬರೆದಿದ್ದೇನೋ.

ಇವರನ್ನು ಕರೆದರೆ "ನನ್ನನ್ನೇನು ಬಸ್ ಸ್ಟ್ಯಾಂಡಿನ ಕುಡುಕ ಅಂದ್ಕೊಂಡಿದ್ದೀಯಾ?" ಎಂದು ತಟ್ಟೆ ಸರಿಸಿ ಎದ್ದರು. ಹಾಗಾಗಿ ಮಾರ್ಚಿಯ ಕೊನೆಯ ಭಾನುವಾರ ನಾನೊಬ್ಬಳೇ ಹೋದೆ. ತರಕಾರಿ ಚೀಲ ಹಿಡಿದುಕೊಂಡು ಹೋಗಿದ್ದೆ, ಯಾರಾದರೂ ಕಂಡರೆ ಸಂತೆಗೆ ಹೊರಟೆ ಎನ್ನಬಹುದೆಂದು.

ಏಳನೇ ತರಗತಿಯ ಕೋಣೆ. ಹಲಗೆಯ ಮೇಲೆ ಶನಿವಾರದ ತಾರೀಖು, ಅರ್ಧ ಅಳಿಸಿದ ಲಾಭ-ನಷ್ಟದ ಲೆಕ್ಕ. ಇಪ್ಪತ್ತರಷ್ಟು ಗಂಡಸರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕಷ್ಟಪಟ್ಟು ಕೂತಿದ್ದರು. ಬ್ಯಾಂಕಿನಲ್ಲಿ ಕಂಡ ಒಂದು ಮುಖ, ಗ್ಯಾರೇಜಿನ ಒಂದು ಮುಖ, ಮದುವೆ ಮನೆಗಳಲ್ಲಿ ಕಾಣುವ ದೊಡ್ಡ ಮನೆತನದ ಒಂದು ಮುಖ. ಮೂಲೆಯಲ್ಲಿ ಇಬ್ಬರು ಹೆಂಗಸರು ಸೆರಗು ಹೊದ್ದು ಕೂತಿದ್ದರು, ನಾನು ಅವರ ಪಕ್ಕಕ್ಕೆ ಸರಿದೆ. ಎಲ್ಲರೂ ಎದ್ದು ನಿಂತು ಮೌನ, ಆಮೇಲೆ ಒಂದು ಸಣ್ಣ ಪ್ರಾರ್ಥನೆ. ಬದಲಿಸಲಾಗದ್ದನ್ನು ಒಪ್ಪಿಕೊಳ್ಳುವ ಶಾಂತಿ, ಬದಲಿಸಬಹುದಾದ್ದಕ್ಕೆ ಧೈರ್ಯ, ಎರಡರ ವ್ಯತ್ಯಾಸ ತಿಳಿಯುವ ಬುದ್ಧಿ ಕೇಳುವ ಆ ಪ್ರಾರ್ಥನೆ ಅಮೆರಿಕದ ರೀನ್‌ಹೋಲ್ಡ್ ನೀಬೂರ್ ಎಂಬ ಧರ್ಮಶಾಸ್ತ್ರಜ್ಞರದೆಂದು ಆಮೇಲೆ ತಿಳಿಯಿತು. ಹಣೆಗೆ ವಿಭೂತಿ ಇಟ್ಟವರೂ, ಟೋಪಿ ಹಾಕಿದವರೂ, ಕೊರಳಲ್ಲಿ ಶಿಲುಬೆ ಇದ್ದವರೂ ಒಟ್ಟಿಗೇ ಹೇಳಿದರು. ಯಾವ ದೇವರೆಂದು ಯಾರೂ ಕೇಳಲಿಲ್ಲ. ಅವರವರು ತಿಳಿದಂತೆ ಎಂಬುದೇ ಅಲ್ಲಿಯ ಕರಾರು.

ಆಮೇಲೆ ಒಬ್ಬೊಬ್ಬರಾಗಿ ಎದ್ದು ತಮ್ಮ ಬರಿಯ ಹೆಸರು ಹೇಳಿ, ನಾನೊಬ್ಬ ಕುಡಿತದ ರೋಗಿ ಎಂದು ಶುರು ಮಾಡುತ್ತಿದ್ದರು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಒಬ್ಬರು ಅಪ್ಪನ ತಿಥಿಯ ದಿನ ಪಿಂಡದ ಮುಂದೆ ಕೂತು ತೂಕಡಿಸಿದ್ದನ್ನು ಹೇಳಿದರು. ಕೆಲವರು ನಕ್ಕರು! ನನಗೆ ಮೈ ಉರಿಯಿತು. ಇದೇನು ನಗುವ ಮಾತೇ ಎಂದುಕೊಂಡೆ. ನಕ್ಕವರು ತಮ್ಮ ತಮ್ಮ ತಿಥಿಗಳನ್ನು ನೆನೆಸಿಕೊಂಡು ನಗುತ್ತಿದ್ದರೆಂದು ಅರ್ಥವಾಗಲು ನನಗೆ ಐದಾರು ತಿಂಗಳು ಬೇಕಾಯಿತು.

ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಬಂತು. ನಾನು ಪರ್ಸು ತೆಗೆದೆ. ಪಕ್ಕದ ಹೆಂಗಸು "ನೀವು ಹಾಕೋ ಹಾಗಿಲ್ಲ, ಅವರದು ಅವರೇ ಹಾಕ್ಕೋಬೇಕು" ಎಂದು ಮೆಲ್ಲಗೆ ಹೇಳಿದಳು. ದುಡ್ಡು ಬೇಡವೆನ್ನುವ ಸಂಸ್ಥೆಯನ್ನು ನಾನು ಅದೇ ಮೊದಲು ಕಂಡದ್ದು. ಬಂದವರ ಹೆಸರು ಬರೆದುಕೊಳ್ಳುವ ಪುಸ್ತಕವೂ ಇರಲಿಲ್ಲ. ಹಾಜರಿ ಪುಸ್ತಕವಿಲ್ಲದ ತರಗತಿ! ಆದರೂ ಕೆಲವರು ಹನ್ನೆರಡು ವರ್ಷದಿಂದ ಒಂದು ವಾರವೂ ತಪ್ಪಿಸಿಲ್ಲವಂತೆ. ನಮ್ಮ ಶಾಲೆಯ ಇನ್‌ಸ್ಪೆಕ್ಟರಿಗೆ ತೋರಿಸಬೇಕಾದ ದೃಶ್ಯ.

ಮೇಜಿನ ಮೇಲೆ ಮಾರಾಟಕ್ಕಿಟ್ಟಿದ್ದ ಪುಸ್ತಕಗಳಲ್ಲಿ ದಪ್ಪನೆಯದೊಂದನ್ನು ಕೊಂಡು, ತರಕಾರಿ ಚೀಲದಲ್ಲಿ ಸೊಪ್ಪಿನ ಕೆಳಗೆ ಹುದುಗಿಸಿ ತಂದೆ. ಇತಿಹಾಸ ಪಾಠ ಮಾಡುವವರಿಗೆ ಒಂದು ಚಾಳಿ ಇರುತ್ತದೆ. ಏನೇ ಕಂಡರೂ ಇದು ಯಾವಾಗ ಶುರುವಾಯಿತು, ಯಾರು ಶುರು ಮಾಡಿದರು ಎಂದು ಕೇಳದೆ ಸಮಾಧಾನವಿಲ್ಲ. ನಿಘಂಟು ಪಕ್ಕಕ್ಕಿಟ್ಟುಕೊಂಡು ರಾತ್ರಿ ಓದತೊಡಗಿದೆ. ಮುಂದಿನ ವರ್ಷಗಳಲ್ಲಿ ಸಿಕ್ಕ ಬೇರೆ ಪುಸ್ತಕಗಳನ್ನೂ ಓದಿದೆ. ಆ ಕಥೆಯನ್ನು ಸ್ವಲ್ಪ ಹೇಳುತ್ತೇನೆ, ಬೇಸರಪಡಬೇಡಿ.

ಅಮೆರಿಕದ ಒಹಾಯೊ ರಾಜ್ಯದಲ್ಲಿ ಅಕ್ರನ್ ಎಂಬ ಊರು. ರಬ್ಬರಿನ ಟೈರು ಮಾಡುವ ಊರು. 1935ರ ಮೇ 11, ಶನಿವಾರ. ಮೇಫ್ಲವರ್ ಹೋಟೆಲಿನ ಹಜಾರದಲ್ಲಿ ನ್ಯೂಯಾರ್ಕಿನಿಂದ ಬಂದ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ಮನುಷ್ಯ ಶತಪಥ ಹಾಕುತ್ತಿದ್ದ. ಬಂದ ವ್ಯವಹಾರ ಮುರಿದು ಬಿದ್ದಿತ್ತು, ಜೇಬಿನಲ್ಲಿ ಹೋಟೆಲ್ ಬಿಲ್ಲಿಗೂ ಸಾಲುವಷ್ಟು ಹಣವಿರಲಿಲ್ಲ. ಹಜಾರದ ಒಂದು ಕೊನೆಯಲ್ಲಿ ಬಾರು, ಅಲ್ಲಿಂದ ಗ್ಲಾಸಿನ ಸದ್ದು, ನಗು. ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡು, ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಮತ್ತೆ ಮತ್ತೆ ಸೇರಿ, ಹಿಂದಿನ ಡಿಸೆಂಬರಿನಲ್ಲಿ ಬಿಟ್ಟಿದ್ದ. ಐದು ತಿಂಗಳಾಗಿತ್ತು. ಹಜಾರದ ಇನ್ನೊಂದು ಕೊನೆಯಲ್ಲಿ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಆತ ಆ ಕಡೆಗೆ ಹೋದ. ಪಾದ್ರಿಯೊಬ್ಬರಿಗೆ ಫೋನ್ ಮಾಡಿ, ನನಗೆ ಮಾತನಾಡಲು ಈ ಊರಿನ ಒಬ್ಬ ಕುಡುಕ ಬೇಕು ಎಂದ!

ಹೀಗೆ ಒಬ್ಬರಿಂದ ಒಬ್ಬರಿಗೆ ಫೋನು ಹೋಗಿ ಕೊನೆಗೆ ಸಿಕ್ಕಿದವರು ಹೆನ್ರಿಯೆಟ್ಟಾ ಸೈಬರ್ಲಿಂಗ್. ಗುಡ್‌ಇಯರ್ ಟೈರು ಕಂಪನಿ ಕಟ್ಟಿದ ಮನೆತನದ ಸೊಸೆ, ಮಾವನ ಬಂಗಲೆಯ ಗೇಟಿನ ಬಳಿಯ ಮನೆಯಲ್ಲಿ ಮಕ್ಕಳೊಂದಿಗೆ ಇದ್ದವರು. ಗೊತ್ತುಗುರಿಯಿಲ್ಲದ ಗಂಡಸೊಬ್ಬ ಫೋನು ಮಾಡಿ 'ನಾನೊಬ್ಬ ಕುಡುಕ' ಎಂದರೆ ನೀವಾಗಲಿ ನಾನಾಗಲಿ ಏನು ಮಾಡುತ್ತಿದ್ದೆವು? ಆಕೆ ಮನೆಗೆ ಬನ್ನಿ ಎಂದರು. ಆಕೆಯ ಮನಸ್ಸಿನಲ್ಲಿ ಇದ್ದದ್ದು ಗೆಳತಿ ಆನ್ ಸ್ಮಿತ್. ಆನ್‌ಳ ಗಂಡ ಡಾಕ್ಟರ್ ಬಾಬ್ ಸ್ಮಿತ್ ಶಸ್ತ್ರಚಿಕಿತ್ಸೆಯ ವೈದ್ಯ, ಕುಡಿತದಿಂದ ರೋಗಿಗಳೆಲ್ಲ ದೂರವಾಗಿದ್ದರು. ಮರುದಿನ ಭಾನುವಾರ ಅಮೆರಿಕದ ತಾಯಂದಿರ ದಿನ. ಹಿಂದಿನ ದಿನ ಡಾಕ್ಟರು ಹೆಂಡತಿಗೆ ಹೂವಿನ ಕುಂಡವೊಂದನ್ನು ತಂದಿಟ್ಟು, ತಾನು ಮೇಜಿನ ಕೆಳಗೆ ಬಿದ್ದುಕೊಂಡಿದ್ದ. ಹದಿನೈದೇ ನಿಮಿಷ ಎಂಬ ಷರತ್ತಿನ ಮೇಲೆ ಸಂಜೆ ಐದಕ್ಕೆ ಬಂದವನು ರಾತ್ರಿ ಹನ್ನೊಂದು ದಾಟುವವರೆಗೆ ಮಾತನಾಡಿದ. ಆತನನ್ನು ಹಿಡಿದು ನಿಲ್ಲಿಸಿದ್ದು ಉಪದೇಶವಲ್ಲ. ತನಗೆ ಎಷ್ಟು ಗೊತ್ತೋ ಅಷ್ಟೇ ಗೊತ್ತಿರುವ ಇನ್ನೊಬ್ಬನನ್ನು ಆತ ಮೊದಲ ಸಲ ಕಂಡಿದ್ದ.

ಆ ಬೇಸಿಗೆಯೆಲ್ಲ ಬಿಲ್ ಅವರ ಮನೆಯಲ್ಲೇ ಉಳಿದ. ನಡುವೆ ಡಾಕ್ಟರು ಅಟ್ಲಾಂಟಿಕ್ ಸಿಟಿಗೆ ವೈದ್ಯರ ಸಮ್ಮೇಳನಕ್ಕೆ ಹೋಗಿ ಮತ್ತೆ ಕುಡಿದು ಬಂದ. ಎರಡು ಮೂರು ದಿನದಲ್ಲಿ ಆತ ಒಂದು ಆಪರೇಷನ್ ಮಾಡಬೇಕಿತ್ತು. ಆ ದಿನ ಬೆಳಿಗ್ಗೆ ಕೈ ನಡುಕ ನಿಲ್ಲಲೆಂದು ಬಿಲ್ಲೇ ಒಂದು ಬಿಯರು ಕುಡಿಸಿ ಕಳಿಸಿದ. ಅದೇ ಡಾಕ್ಟರ ಕೊನೆಯ ಕುಡಿತ. 1935ರ ಜೂನ್ 10. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರಿಲ್ಲದ ಕುಡುಕರ ಬಳಗ, ಹುಟ್ಟಿದ ದಿನವೆಂದು ಎಣಿಸುವುದು ಅದನ್ನೇ. ನಡುಗುವ ಕೈಯ ಆ ಪುಟವನ್ನು ಓದುವಾಗ ನಾನು ಅಡುಗೆಮನೆಯ ಅರ್ಧ ಲೋಟವನ್ನು ನೋಡಿದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಬಹಳ ವರ್ಷ ಕುಡಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಇಂದು ಅದಕ್ಕೆ ಬಿಯರಲ್ಲ, ವೈದ್ಯರಿದ್ದಾರೆ, ಮಾತ್ರೆಗಳಿವೆ. ಮೊದಲು ಆಸ್ಪತ್ರೆ, ಆಮೇಲೆ ಬೆಂಚು.

ಅವರಿಬ್ಬರೂ ಸೇರಿ ಅದೇ ಜೂನಿನ ಕೊನೆಗೆ ಅಕ್ರನ್ ನಗರದ ಆಸ್ಪತ್ರೆಯಲ್ಲಿ ಮಂಚಕ್ಕೆ ಕಟ್ಟಿಹಾಕಿಸಿಕೊಂಡಿದ್ದ ವಕೀಲನೊಬ್ಬನನ್ನು ಕಂಡರು. ಆತ ಮೂರನೆಯವ. ನಾಲ್ಕು ವರ್ಷದಲ್ಲಿ ಸುಮಾರು ನೂರು ಜನರಾದರು. 1939ರ ಏಪ್ರಿಲ್‌ನಲ್ಲಿ ನಾನು ಸೊಪ್ಪಿನ ಕೆಳಗೆ ಬಚ್ಚಿಟ್ಟು ತಂದ ಪುಸ್ತಕ ಅಚ್ಚಾಯಿತು. 1941ರ ಮಾರ್ಚಿಯಲ್ಲಿ 'ಸ್ಯಾಟರ್‌ಡೇ ಈವನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಇವರ ಬಗ್ಗೆ ಲೇಖನ ಬಂದು, ಆ ವರ್ಷದ ಕೊನೆಗೆ ಎರಡು ಸಾವಿರವಿದ್ದವರು ಎಂಟು ಸಾವಿರವಾದರು.

ಅಕ್ರನ್ನಿನಲ್ಲೇ ಸೇಂಟ್ ಥಾಮಸ್ ಆಸ್ಪತ್ರೆ ಎಂಬುದಿತ್ತು. ಅಲ್ಲಿ ಭರ್ತಿ ವಿಭಾಗ ನೋಡಿಕೊಳ್ಳುತ್ತಿದ್ದ ಸನ್ಯಾಸಿನಿ ಸಿಸ್ಟರ್ ಇಗ್ನೇಷಿಯಾ. ಕುಡುಕರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳದ ಕಾಲ. 1939ರ ಆಗಸ್ಟಿನಲ್ಲಿ ಡಾಕ್ಟರ್ ಬಾಬ್ ಕೇಳಿಕೊಂಡಾಗ ಆಕೆ ಒಬ್ಬ ರೋಗಿಯನ್ನು ಸೇರಿಸಿಕೊಂಡು, ರಿಜಿಸ್ಟರಿನಲ್ಲಿ ರೋಗದ ಹೆಸರು ಏನೆಂದು ಬರೆದರು ಗೊತ್ತೇ? ಜಠರದ ಉರಿಯೂತ, ಗ್ಯಾಸ್ಟ್ರೈಟಿಸ್! ನಾನು ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟೆ. ಆಮೇಲೆ ನಗು ನಿಂತಿತು. ಆಕೆಯ ಸುಳ್ಳಿಗೂ ನನ್ನ ಸುಳ್ಳಿಗೂ ಪದ ಒಂದೇ, ಆದರೆ ಆಕೆಯ ಸುಳ್ಳು ರೋಗಿಯನ್ನು ಆಸ್ಪತ್ರೆಯ ಒಳಕ್ಕೆ ತಂದಿತ್ತು. ನನ್ನದು ಅವರನ್ನು ಮನೆಯ ಒಳಗೇ ಇಟ್ಟಿತ್ತು.

ಇವರಿಗಿಂತ ಮೊದಲು ಹೀಗೆ ಯಾರೂ ಯೋಚಿಸಿರಲಿಲ್ಲವೆಂದಲ್ಲ. 1840ರಲ್ಲಿ ಬಾಲ್ಟಿಮೋರ್ ನಗರದ ಹೆಂಡದಂಗಡಿಯೊಂದರಲ್ಲಿ ಆರು ಜನ ಕುಡುಕರು ಸೇರಿ ಕುಡಿತ ಬಿಡುವ ಸಂಘ ಕಟ್ಟಿ, ಜಾರ್ಜ್ ವಾಷಿಂಗ್ಟನ್ನನ ಹೆಸರಿಟ್ಟಿದ್ದರು. ಇನ್ನೂ ವಕೀಲನಾಗಿದ್ದ ಅಬ್ರಹಾಂ ಲಿಂಕನ್ 1842ರಲ್ಲಿ ಅವರ ಸಭೆಯಲ್ಲಿ ಭಾಷಣ ಮಾಡಿದ್ದ. ಲಕ್ಷಗಟ್ಟಲೆ ಜನ ಸೇರಿದರು, ಮೆರವಣಿಗೆ, ಭಾಷಣ, ರಾಜಕೀಯ ಎಲ್ಲ ಸೇರಿತು. ಕೆಲವೇ ವರ್ಷದಲ್ಲಿ ಸಂಘ ಹೇಳಹೆಸರಿಲ್ಲದಂತಾಯಿತು. ಆ ಪಾಠ ಕಂಡವರ ಹಾಗೆ ಎ.ಎ.ಯವರು 1950ರಲ್ಲಿ ಒಪ್ಪಿಕೊಂಡ ಹನ್ನೆರಡು ಸಂಪ್ರದಾಯಗಳಲ್ಲಿ ಹೊರಗಿನ ಯಾವ ವಿವಾದಕ್ಕೂ ನಾವಿಲ್ಲ, ಹೊರಗಿನವರ ಹಣ ಬೇಡ, ಪತ್ರಿಕೆಯಲ್ಲಿ ಹೆಸರು ಬೇಡ ಎಂದು ಬರೆದುಕೊಂಡರು. ಬಟ್ಟೆ ಚೀಲಕ್ಕೆ ನನ್ನ ಹತ್ತು ರೂಪಾಯಿ ಬೇಡವಾದದ್ದು ಆ ಕಾರಣಕ್ಕೆ. ನಾನು ಹೆಸರುಗಳನ್ನು ಬಿಟ್ಟಿರುವುದೂ ಅದಕ್ಕೇ. ಬಿಲ್ ಮತ್ತು ಬಾಬರ ಪೂರ್ತಿ ಹೆಸರು ಅವರ ಕಾಲವಾದ ಮೇಲೆ ಲೋಕಕ್ಕೆಲ್ಲ ತಿಳಿದದ್ದು, ಹಾಗಾಗಿ ಬರೆದೆ.

ನನ್ನ ಮನಸ್ಸು ನಿಂತದ್ದು ಮಾತ್ರ ಬಿಲ್‌ನ ಹೆಂಡತಿ ಲೋಯಿಸ್‌ಳ ಹತ್ತಿರ. 1918ರಲ್ಲಿ ಮದುವೆಯಾದವಳು. ಗಂಡ ಕುಡಿಯುತ್ತಿದ್ದ ವರ್ಷಗಳಲ್ಲಿ ದೊಡ್ಡ ಅಂಗಡಿಯೊಂದರಲ್ಲಿ ದುಡಿದು ಮನೆ ನಡೆಸಿದವಳು. ಬ್ರೂಕ್ಲಿನ್‌ನಲ್ಲಿ ತಂದೆಯಿಂದ ಬಂದ ಮನೆಯ ಬಾಗಿಲನ್ನು, ಗಂಡ ಕುಡಿತ ಬಿಟ್ಟ ಮೇಲೆ, ಸಿಕ್ಕ ಸಿಕ್ಕ ಕುಡುಕರಿಗೆ ತೆರೆದಿಟ್ಟು ಊಟ ಹಾಕಿದವಳು. 1939ರಲ್ಲಿ ಸಾಲಕ್ಕೆ ಆ ಮನೆಯೂ ಹೋಗಿ, ಗಂಡ ಹೆಂಡತಿ ಎರಡು ವರ್ಷ ಅವರಿವರ ಮನೆಯಲ್ಲಿ ಕಾಲ ಹಾಕಿದರು. ಕುಡಿತ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾವು ತಿಳಿದಿರುತ್ತೇವಲ್ಲ!

ಗಂಡ ಬಿಟ್ಟ ಹೊಸತರಲ್ಲಿ ಒಂದು ದಿನ, ಬೇಗ ಹೊರಡು, ಮೀಟಿಂಗಿಗೆ ಹೊತ್ತಾಯಿತು ಎಂದನಂತೆ. ಲೋಯಿಸ್‌ಗೆ ಎಲ್ಲಿತ್ತೋ ಸಿಟ್ಟು, ನಿನ್ನ ಮೀಟಿಂಗು ಹಾಳಾಗಲಿ ಎಂದು ಕಾಲಿನ ಶೂ ತೆಗೆದು ಎಸೆದಳು. ಎಸೆದವಳಿಗೇ ಆಶ್ಚರ್ಯವಾಯಿತು. ಹದಿನೇಳು ವರ್ಷ ಬೇಡಿದ್ದು ಈಗ ಸಿಕ್ಕಿದೆ, ಮತ್ತೆ ಈ ಸಿಟ್ಟೇಕೆ? ತಾನು ಅಷ್ಟು ವರ್ಷ ಪ್ರೀತಿಯಿಂದ ಮಾಡಲಾಗದ್ದನ್ನು ಯಾರೋ ಅಪರಿಚಿತರು ನಾಲ್ಕು ಮಾತಿನಲ್ಲಿ ಮಾಡಿದರಲ್ಲ ಎಂಬ ಸಂಕಟ, ತನ್ನ ಕೆಲಸವೇ ಕೈತಪ್ಪಿದಂತಾದ ಖಾಲಿತನ. ಇದನ್ನು ಆಕೆಯೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾಳೆ. ಈ ಪುಟವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಯಾವ ವ್ರತಕಥೆಯಲ್ಲೂ ಹೆಂಡತಿಗೆ ಇಂಥ ಸಿಟ್ಟು ಬರುವುದಿಲ್ಲ. ಗಂಡ ಸರಿಹೋದ, ಅವಳು ಸುಖವಾಗಿದ್ದಳು ಎಂದು ಮುಗಿದುಹೋಗುತ್ತದೆ.

ಇನ್ನೊಂದು ಸ್ವಾರಸ್ಯ. 1939ರ ಆ ಪುಸ್ತಕದಲ್ಲಿ ಹೆಂಡತಿಯರಿಗೆ ಎಂಬ ಒಂದು ಅಧ್ಯಾಯವಿದೆ. ಹೆಂಡತಿಯರೇ ಹೆಂಡತಿಯರಿಗೆ ಹೇಳುವ ಧಾಟಿಯಲ್ಲಿದೆ. ಬರೆದವಳು ಲೋಯಿಸ್ ಇರಬೇಕೆಂದುಕೊಂಡೇ ಓದಿದೆ. ತಾಳ್ಮೆ ಇರಲಿ, ಸಿಡುಕಬಾರದು ಎಂದೆಲ್ಲ ಬರೆದಿತ್ತು. ನೋಡಿದರೆ ಬರೆದವನು ಬಿಲ್! ತಾನು ಬರೆಯುತ್ತೇನೆಂದು ಲೋಯಿಸ್ ಬಯಸಿದ್ದಳು, ಗಂಡ ಒಪ್ಪಲಿಲ್ಲ, ಶೈಲಿ ಒಂದೇ ಥರ ಇರಬೇಕು ಎಂದ. ಆಕೆಗೆ ಆ ನೋವು ಕೊನೆಯವರೆಗೂ ಇತ್ತು. ಮೀಟಿಂಗಿಗೆ ಬರುವ ಹೆಂಗಸರಿಗೆ ಇದನ್ನು ಹೇಳಿದಾಗೆಲ್ಲ "ಅಲ್ಲೂ ಹಾಗೆಯೇ?" ಎಂದು ಕೇಳುತ್ತಾರೆ. ಅಲ್ಲೂ ಹಾಗೆಯೇ. ಕುಡಿತಕ್ಕೆ ಬಿದ್ದ ಹೆಂಗಸರನ್ನು ಮೊದಮೊದಲು ಆ ಬಳಗವೂ ಅನುಮಾನದಿಂದಲೇ ನೋಡಿತು. 1939ರಲ್ಲಿ ಲೋಯಿಸ್‌ಳ ಮನೆಯ ಸಭೆಗೆ ಬಂದ ಮಾರ್ಟಿ ಮಾನ್ ಎಂಬಾಕೆ ನಿಂತು ತೋರಿಸಿದ ಮೇಲೆ ಬಾಗಿಲು ಸ್ವಲ್ಪ ಅಗಲವಾಯಿತು.

ಗಂಡಂದಿರು ಒಳಗೆ ಸಭೆ ನಡೆಸುವಾಗ ಹೆಂಡತಿಯರು ಅಡುಗೆಮನೆಯಲ್ಲಿ ಕಾಫಿ ಕಾಸುತ್ತ ತಮ್ಮ ತಮ್ಮಲ್ಲೇ ಮಾತನಾಡಿಕೊಳ್ಳುತ್ತಿದ್ದರು. ಅದೇ ಇನ್ನೊಂದು ಬಳಗವಾಯಿತು. 1951ರಲ್ಲಿ ಲೋಯಿಸ್ ಮತ್ತು ಆಕೆಯ ನೆರೆಯ ಗೆಳತಿ ಸೇರಿ, ಅಲ್ಲಲ್ಲಿಂದ ಬಂದಿದ್ದ 87 ವಿಚಾರಣೆಗಳ ಪಟ್ಟಿ ಹಿಡಿದು ಕಾಗದ ಬರೆದರು. ಕುಡಿತದವರ ಮನೆಯವರಿಗಾಗಿ ಇರುವ ಅಲ್-ಅನಾನ್ ಹುಟ್ಟಿದ್ದು ಹಾಗೆ. ಬಿಲ್ 1971ರಲ್ಲಿ ತೀರಿಕೊಂಡ. ಲೋಯಿಸ್ 1988ರವರೆಗೆ, 97 ವರ್ಷ ಬದುಕಿದ್ದಳು.

ನಮ್ಮ ದೇಶದಲ್ಲಿ ಎ.ಎ. ಸಭೆಗಳು ಶುರುವಾದದ್ದು 1957ರಲ್ಲಿ, ಮುಂಬಯಿಯಲ್ಲಿ. ಆದರೆ ಕುಡಿತದ ಪ್ರಶ್ನೆ ನಮಗೆ ಹೊಸದೇ? 1939ರಲ್ಲಿ, ಅಂದರೆ ಅಲ್ಲಿ ಆ ಪುಸ್ತಕ ಅಚ್ಚಾದ ವರ್ಷವೇ, ನಮ್ಮ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಜನ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು. ಪಾಠದಲ್ಲಿ ಅದನ್ನು ಆವೇಶದಿಂದಲೇ ಹೇಳುತ್ತ ಬಂದಿದ್ದೇನೆ. ಸಂವಿಧಾನದ 47ನೇ ವಿಧಿಯನ್ನೂ ಹಲಗೆಯ ಮೇಲೆ ಬರೆಸಿದ್ದೇನೆ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ಹೆಂಗಸರು ಸಾರಾಯಿ ಅಂಗಡಿಗಳ ಎದುರು ನಿಂತರು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆ ದಿನ ಸಹೋದ್ಯೋಗಿಯೊಬ್ಬರು ಸಿಹಿ ಹಂಚಿದ್ದು ನೆನಪಿದೆ. ನಾನೂ ತಿಂದೆ. ನಮ್ಮ ಮನೆಗೆ ಬರುತ್ತಿದ್ದುದು ಸಾರಾಯಿಯಲ್ಲ, ಮರ್ಯಾದಸ್ತರ ಬಾಟಲಿ, ಅದಕ್ಕೆ ಯಾವ ತಡೆಯೂ ಇರಲಿಲ್ಲ. ಡಾಕ್ಟರ್ ಬಾಬನ ಕಾಲದಲ್ಲೂ ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ವೈದ್ಯರಿಗೆ ಔಷಧಿಗೆಂದು ಸರ್ಕಾರವೇ ಕೊಡುತ್ತಿದ್ದ ಸ್ಪಿರಿಟ್ ಆತನಿಗೆ ಧಾರಾಳವಾಗಿ ಸಾಕಾಗುತ್ತಿತ್ತು. ಅಂಗಡಿ ಮುಚ್ಚುವುದು ಬೇಡವೆಂದು ನಾನು ಹೇಳುತ್ತಿಲ್ಲ. ಬಡವರ ಮನೆಯ ಹೆಂಗಸಿಗೆ ಅದು ಎಷ್ಟು ದೊಡ್ಡದೆಂದು ನನ್ನ ಶಾಲೆಯ ತಾಯಂದಿರೇ ಹೇಳಿದ್ದಾರೆ. ಆದರೆ ಅಂಗಡಿ ಮುಚ್ಚಿದ ಸಂಜೆ ಆ ಮನುಷ್ಯ ಎಲ್ಲಿಗೆ ಹೋಗಿ ಕೂರಬೇಕು ಎಂಬುದೂ ಒಂದು ಪ್ರಶ್ನೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನು ನೀವು ನೋಡಿರಬಹುದು. ಶಿಬಿರ ಮುಗಿದ ಮೇಲೆ ಅಲ್ಲಿಯವರೇ ನವಜೀವನ ಸಮಿತಿ ಎಂದು ಮಾಡಿಕೊಂಡು ಸೇರುತ್ತಿರುತ್ತಾರೆ. ದಾರಿ ಬೇರೆ, ಆದರೆ ಕೂರುವ ಜಾಗ ಬೇಕೆಂಬುದನ್ನು ಅವರೂ ಕಂಡುಕೊಂಡಿದ್ದಾರೆ.

ಇದೆಲ್ಲ ಬರಿಯ ಭಾವುಕತೆ, ಕೂತು ಮಾತಾಡಿದರೆ ಚಟ ಬಿಡುತ್ತದೆಯೇ ಎಂದು ನಮ್ಮ ಮೈದುನ ವಾದ ಮಾಡುತ್ತಿದ್ದ. 2020ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ವಿಮರ್ಶಾ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟಿಗಿಟ್ಟು ತೂಗಿತು. ಪೂರ್ತಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ, ಎ.ಎ.ಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆ ಬೇರೆ ಮನೋಚಿಕಿತ್ಸೆಗಳಿಗಿಂತ ಮೇಲೆಂದು ಕಂಡಿತು. ಹಾಗೆಂದು ಎಲ್ಲರಿಗೂ ಒಗ್ಗುತ್ತದೆಂದಲ್ಲ. ನಮ್ಮ ಗುಂಪಿನಲ್ಲೇ ಬಂದು ಹೋದವರು, ಬಂದು ಸತ್ತವರು ಇದ್ದಾರೆ. ಆ ಸಹಿಯ ಮನುಷ್ಯರೂ 2016ರಲ್ಲಿ ಮತ್ತೆ ಕಟ್ಟೆಗೆ ಮರಳಿದರು. ಆ ವರ್ಷ ಅವರ ಮಗಳು ಡಿಗ್ರಿಯ ಮೊದಲ ವರ್ಷದಲ್ಲಿದ್ದಳು, ನಮ್ಮ ಮನೆಗೆ ಬಂದು ಏನೂ ಮಾತನಾಡದೆ ಒಂದು ಗಂಟೆ ಕೂತು ಹೋದಳು. ಅವರು ಹಿಂತಿರುಗಲು ಹದಿನಾಲ್ಕು ತಿಂಗಳಾಯಿತು. ಬಂದ ದಿನ ಯಾರೂ ಏನೂ ಕೇಳಲಿಲ್ಲ, ಪಕ್ಕದವರು ಬೆಂಚಿನಲ್ಲಿ ಸರಿದು ಜಾಗ ಮಾಡಿದರು.

ನಮ್ಮ ಮನೆಯ ಕಥೆ ಹೇಳದೆ ಬಿಟ್ಟರೆ ನೀವು ಬಿಡುವುದಿಲ್ಲ. ನಾನು ಎಂಟು ತಿಂಗಳು ಒಬ್ಬಳೇ ಹೋದೆ. ಹೋಗಿ ಬಂದು ಇವರಿಗೆ ಏನೂ ಹೇಳುತ್ತಿರಲಿಲ್ಲ. ಬಾಟಲಿ ಹುಡುಕುವುದನ್ನು ನಿಲ್ಲಿಸಿದೆ. ರಜೆ ಅರ್ಜಿ ಬರೆಯುವುದನ್ನೂ ನಿಲ್ಲಿಸಿದೆ, ಇದು ಹೆಚ್ಚು ಕಷ್ಟವಾಯಿತು. ಅರ್ಜಿಯಿಲ್ಲದೆ ಮೂರು ಸಲ ಗೈರುಹಾಜರಾದಾಗ ಆಫೀಸಿನಿಂದ ಮೆಮೋ ಬಂತು. ಅತ್ತೆ ನನ್ನನ್ನು ಬೈದರು, ಹೆಂಡತಿಯಾದವಳು ಒಂದು ಕಾಗದ ಬರೆದುಕೊಡಲಾರಳೇ ಎಂದು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ, ಅವರಿಗೆ ಮಗ. ಆ ನವೆಂಬರಿನ ಕೊನೆಯ ಭಾನುವಾರ ನಾನು ಚಪ್ಪಲಿ ಮೆಟ್ಟುವಾಗ ಇವರು "ಎಲ್ಲಿಗೆ?" ಎಂದರು. ಅಲ್ಲಿಗೆ ಎಂದೆ. "ನಾನೂ ಬರಲಾ?" ಎಂದವರು ಶಾಲೆಯ ಗೇಟಿನವರೆಗೆ ಬಂದು, ಬಸ್ ಸ್ಟ್ಯಾಂಡಿನ ಆ ಮನುಷ್ಯರನ್ನು ಕಂಡು ತಿರುಗಿ ಹೊರಟರು. ಅವರೇ ಓಡಿ ಬಂದು "ಸಾರ್, ಟೀ ಕುಡ್ಕೊಂಡು ಹೋಗಿ, ಮೀಟಿಂಗು ಬೇಡ" ಎಂದರು. ಟೀಯ ಲೋಟವನ್ನು ತಾವಾಗಿಯೇ ಅರ್ಧ ತುಂಬಿಸಿ ಕೊಟ್ಟರು. ನಾನು ಆ ಕಡೆ ನೋಡಲಾರದೆ ಹಲಗೆಯನ್ನು ನೋಡಿದೆ.

ಆಮೇಲೆ ಹತ್ತು ದಿನ ಆಸ್ಪತ್ರೆ, ಆಮೇಲೆ ಭಾನುವಾರಗಳು. 2013ರಲ್ಲಿ ಒಮ್ಮೆ ತಪ್ಪಿತು, ಅತ್ತೆ ತೀರಿಕೊಂಡ ಹದಿಮೂರನೆಯ ದಿನ. 2014ರ ಜನವರಿಯಿಂದ ಇಲ್ಲ. ನನಗೂ ಶೂ ಎಸೆಯುವ ದಿನಗಳು ಬಂದವು. ನಾನೆಸೆದದ್ದು ಸೌಟು, ಅದೂ ಅವರ ಕಡೆಗಲ್ಲ, ಗೋಡೆಗೆ. ಎಲ್ಲರೂ ಇವರನ್ನು ಹೊಗಳುತ್ತಿದ್ದ ಒಂದು ಸಂಜೆ. ಗೋಡೆಯ ಮೇಲೆ ಹುಳಿಯ ಕಲೆ ಬಹಳ ದಿನ ಇತ್ತು. ಈಗ ಇವರು ಕೋಣೆಯ ಬೀಗ ತೆಗೆಯುವ ಕೆಲಸದವರು. ನಾವು ಐದಾರು ಹೆಂಗಸರು ಪಕ್ಕದ ಆರನೇ ತರಗತಿಯಲ್ಲಿ ಕೂರುತ್ತೇವೆ, ಬೆಂಗಳೂರಿನಿಂದ ತರಿಸಿದ ಪುಸ್ತಕ ಇಟ್ಟುಕೊಂಡು. ಪುಸ್ತಕಕ್ಕಿಂತ ಮಾತೇ ಹೆಚ್ಚು.

ಇದನ್ನು ಬರೆದು ಮುಗಿಸಿ ಅವರ ಮುಂದಿಟ್ಟೆ. ನಿಮಗೆ ಬೇಡವೆನಿಸಿದರೆ ಹರಿದುಹಾಕುತ್ತೇನೆ ಎಂದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಒಂದು ಕಡೆ ಕಾಗುಣಿತ ತಿದ್ದಿದರು ಕೂಡ. ಆಮೇಲೆ "ಬಳೆಯ ವಿಷಯ ಬರೆದೇ ಇಲ್ಲವಲ್ಲ?" ಎಂದರು. ನಾನು "ಅದು ನಿಮ್ಮದು" ಎಂದೆ. ಅವರು ಹಾಳೆಗಳನ್ನು ಅಂಚು ಸರಿಮಾಡಿ ಜೋಡಿಸಿಟ್ಟರು. ಅಂದು ಶನಿವಾರ. ಮರುದಿನ ಸಂಜೆ ನಾಲ್ಕಕ್ಕೇ ಕೀಲಿ ತೆಗೆದುಕೊಂಡು ಹೊರಟರು.